ಒಡೆಯೋ ಬ್ಲಾಕ್ ಯಾವುದು? ಫ್ಲೋರೈಡ್ ಪೆಟ್ ಸ್ಕ್ಯಾನ್ ಹೇಳಬಲ್ಲದ್ದು, ಹೇಳಲಾಗದ್ದು

ಆಂಜಿಯೋಗ್ರಾಂ ಮುಗಿಸಿ ಡಾಕ್ಟರ್ ಹೊರಗೆ ಬಂದರೆ ಸಾಕು, ಬಾಗಿಲ ಹತ್ತಿರ ನಿಂತ ಮನೆಯವರು ಕೇಳುವ ಮೊದಲ ಮಾತು, "ಎಷ್ಟು ಪರ್ಸೆಂಟ್ ಬ್ಲಾಕ್ ಇದೆ ಸಾರ್?" 90 ಅಂದರೆ ಎದೆ ಧಸಕ್ ಅನ್ನುತ್ತದೆ. 40 ಅಂದರೆ ನಿಟ್ಟುಸಿರು ಬಿಡುತ್ತಾರೆ. ನಾನೂ ಹಾಗೇ ಕೇಳಿದವನು.

ನಮ್ಮ ಚಿಕ್ಕಪ್ಪ ಪಾವಗಡ ತಾಲ್ಲೂಕಿನವರು, ಶೇಂಗಾ ಬೆಳೆಯುವವರು. 52ನೇ ವಯಸ್ಸಿನಲ್ಲಿ ಒಮ್ಮೆ ಎದೆ ಹಿಡಿದ ಹಾಗೆ ಆಯ್ತು ಅಂತ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ, ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. "ಏನೂ ಇಲ್ವಂತೆ, ಬರೀ ಗ್ಯಾಸು" ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದರು. ಎಂಟು ತಿಂಗಳು ಕಳೆದಿತ್ತು. ಬೆಳಗಿನ ಜಾವ ಮೋಟರ್ ಹಾಕೋಕೆ ಹೋದವರು ಹೊಲದ ಬದುವಿನ ಮೇಲೇ ಕುಸಿದು ಕೂತರು. ಪುಣ್ಯಕ್ಕೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿಸಿದ್ದಾಯ್ತು. ಸ್ಟೆಂಟ್ ಹಾಕಿದ ಮೇಲೆ ಡಾಕ್ಟರ್ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಹಳೇ ಬ್ಲಾಕ್ ಅರ್ಧಕ್ಕಿಂತ ಕಮ್ಮೀನೇ ಇತ್ತಪ್ಪ. ಆದ್ರೆ ಅದು ಒಡೆದುಬಿಟ್ಟಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡಿದೆ."

ಒಡೆದುಬಿಟ್ಟಿದೆ. ಬ್ಲಾಕ್ ಅಂದರೆ ಪೈಪಿನಲ್ಲಿ ಕಟ್ಟಿಕೊಂಡ ಕಸ, ದಿನಾ ಸ್ವಲ್ಪ ಸ್ವಲ್ಪ ಸೇರಿ ಒಂದು ದಿನ ಪೂರ್ತಿ ಮುಚ್ಚುತ್ತದೆ ಅಂತ ತಿಳಿದುಕೊಂಡಿದ್ದ ನನಗೆ ಆ ಮಾತು ಹೊಸದು. ಹಾಗಾದರೆ ಒಡೆಯುವ ಬ್ಲಾಕ್ ಯಾವುದು, ಸುಮ್ನೆ ಕೂತಿರುವ ಬ್ಲಾಕ್ ಯಾವುದು ಅಂತ ಮೊದಲೇ ಕಂಡುಹಿಡಿಯೋಕೆ ಆಗುವುದಿಲ್ಲವೇ? ಈ ಪ್ರಶ್ನೆಯ ಹಿಂದೆ ಬಿದ್ದು ಓದುತ್ತಾ ಹೋದಾಗ ಸಿಕ್ಕಿದ್ದು ಫ್ಲೋರೈಡ್ ಪೆಟ್ ಎಂಬ ನ್ಯೂಕ್ಲಿಯರ್ ಸ್ಕ್ಯಾನ್‌ನ ಕಥೆ. ಅದರಲ್ಲಿ ನಿಜವಾದ ಭರವಸೆ ಇದೆ. ಆದರೆ ಇವತ್ತೇ ಹೋಗಿ ಮಾಡಿಸಿಕೊಳ್ಳುವಂಥದ್ದು ಅದಲ್ಲ. ಯಾಕೆ ಅಲ್ಲ ಅನ್ನುವುದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಮೊದಲು ಆ ಪರ್ಸೆಂಟ್ ಲೆಕ್ಕವನ್ನೇ ನೋಡೋಣ. 1988ರಲ್ಲಿ ಅಮೆರಿಕದ ವಿಲಿಯಂ ಲಿಟಲ್ ಮತ್ತು ಸಂಗಡಿಗರು ಒಂದು ಸರಳ ಕೆಲಸ ಮಾಡಿದರು. ಹೃದಯಾಘಾತ ಆಗುವ ಮೊದಲೇ ಬೇರೆ ಕಾರಣಕ್ಕೆ ಆಂಜಿಯೋಗ್ರಾಂ ಮಾಡಿಸಿಕೊಂಡಿದ್ದವರ ಹಳೇ ಚಿತ್ರ, ಹೃದಯಾಘಾತ ಆದ ಮೇಲಿನ ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೊಸದಾಗಿ ಪೂರ್ತಿ ಮುಚ್ಚಿಹೋದ ನಾಳ 29 ಜನರಲ್ಲಿ ಸಿಕ್ಕಿತು. ಅವರಲ್ಲಿ 19 ಜನರ ಅದೇ ನಾಳ ಹಳೇ ಚಿತ್ರದಲ್ಲಿ 50%ಗಿಂತ ಕಡಿಮೆ ಕಿರಿದಾಗಿತ್ತು. ಅಂದರೆ ಮೂರರಲ್ಲಿ ಎರಡು ಪಾಲು ಜನರಿಗೆ ಆಗ ಯಾರೂ ತಲೆ ಕೆಡಿಸಿಕೊಳ್ಳದ ಜಾಗದಿಂದಲೇ ಪೆಟ್ಟು ಬಂದಿತ್ತು. 2011ರ ಪ್ರಾಸ್ಪೆಕ್ಟ್ ಅಧ್ಯಯನ ಸ್ಟೆಂಟ್ ಹಾಕಿಸಿಕೊಂಡಿದ್ದ 697 ಜನರ ಹೃದಯದ ಮೂರೂ ಮುಖ್ಯ ರಕ್ತನಾಳಗಳ ಒಳಗೆ ಸಣ್ಣ ಅಲ್ಟ್ರಾಸೌಂಡ್ ತೂರಿಸಿ ನೋಡಿ, ಮೂರು ವರ್ಷ ಅವರನ್ನು ಗಮನಿಸಿತು. ಆಮೇಲೆ ಬಂದ ತೊಂದರೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಸ್ಟೆಂಟ್ ಹಾಕಿದ್ದ ಜಾಗದಿಂದ ಬಂದವು. ಉಳಿದರ್ಧ "ಇದೇನೂ ದೊಡ್ಡದಲ್ಲ" ಅಂತ ಬಿಟ್ಟಿದ್ದ ಜಾಗಗಳಿಂದ.

ಕುರು ಎದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ದೊಡ್ಡದಾಗಿ, ಗಟ್ಟಿಯಾಗಿ ಕೂತ ಗಂಟು ವರ್ಷಗಟ್ಟಲೆ ಹಾಗೇ ಇರಬಹುದು. ಸಣ್ಣ ಕುರು ಹಣ್ಣಾಗಿದ್ದರೆ ಮುಟ್ಟಿದರೆ ಒಡೆಯುತ್ತದೆ. ರಕ್ತನಾಳದ ಗೋಡೆಯೊಳಗಿನ ಪ್ಲಾಕ್, ಅಂದರೆ ನಾವು ಬ್ಲಾಕ್ ಅನ್ನುವ ಗಂಟು, ಕೂಡ ಹಾಗೇ. ಒಳಗೆ ಕೊಬ್ಬು, ಸತ್ತ ಜೀವಕೋಶಗಳ ಮುದ್ದೆ, ಉರಿಯೂತದ ಕೋಶಗಳು. ಮೇಲೆ ಒಂದು ಮುಚ್ಚಳ. ಹೃದಯಾಘಾತದಿಂದ ಸತ್ತವರ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಮೆರಿಕದ ರೇಣು ವಿರ್ಮಾನಿ ಮತ್ತು ತಂಡದವರು, ಒಡೆಯುವ ಪ್ಲಾಕ್‌ಗಳ ಮುಚ್ಚಳ ಸಾಮಾನ್ಯವಾಗಿ 65 ಮೈಕ್ರಾನ್‌ಗಿಂತ ತೆಳುವಾಗಿರುತ್ತದೆ ಎಂದು ತೋರಿಸಿದರು. ತಲೆಕೂದಲಿನ ಎಳೆಗಿಂತ ತೆಳು ಅಂದುಕೊಳ್ಳಿ. ಆಂಜಿಯೋಗ್ರಾಂನಲ್ಲಿ ಕಾಣುವುದು ನಾಳದೊಳಗೆ ಹರಿಯುವ ಬಣ್ಣದ ನೆರಳು ಮಾತ್ರ. ಗೋಡೆಯೊಳಗೆ ಏನು ನಡೆಯುತ್ತಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ನ್ಯೂಕ್ಲಿಯರ್ ಸ್ಕ್ಯಾನ್ ಅಂದ ಕೂಡಲೇ ನಮ್ಮಲ್ಲಿ ಜನಕ್ಕೆ ನೆನಪಾಗುವುದು ಥಾಲಿಯಂ ಟೆಸ್ಟ್. ಈಗ ಹೆಚ್ಚಿನ ಕಡೆ ಥಾಲಿಯಂ ಬದಲು ಟೆಕ್ನೀಷಿಯಂ ಬಳಸುತ್ತಾರೆ, ಹಳೇ ಹೆಸರು ಮಾತ್ರ ಉಳಿದುಕೊಂಡಿದೆ. ಟ್ರೆಡ್‌ಮಿಲ್ ಮೇಲೆ ಓಡಿಸಿಯೋ ಔಷಧಿ ಕೊಟ್ಟೋ ಹೃದಯಕ್ಕೆ ದಣಿವು ಮಾಡಿಸುತ್ತಾರೆ. ಅದೇ ಹೊತ್ತಿಗೆ ವಿಕಿರಣ ಸೂಸುವ ಔಷಧಿಯನ್ನು ರಕ್ತಕ್ಕೆ ಬಿಡುತ್ತಾರೆ. ಹೃದಯದ ಸ್ನಾಯುವಿನ ಯಾವ ಭಾಗಕ್ಕೆ ರಕ್ತ ಚೆನ್ನಾಗಿ ಹೋಗುತ್ತದೋ ಆ ಭಾಗ ಚಿತ್ರದಲ್ಲಿ ಬೆಳಗುತ್ತದೆ. ಕಮ್ಮಿ ಹೋಗುವ ಕಡೆ ಮಂಕಾಗುತ್ತದೆ. ಇದು ಒಳ್ಳೆಯ ಪರೀಕ್ಷೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ನೋಡುವುದು ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪುತ್ತಿದೆಯಾ ಅನ್ನುವುದನ್ನು. ಕಾಲುವೆಯ ಏರಿಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಅನ್ನುವುದನ್ನಲ್ಲ. ನೀರು ಸರಾಗವಾಗಿ ಹರಿಯುತ್ತಿರುವಾಗಲೇ ಏರಿ ಒಡೆಯಬಹುದು ಅಲ್ವಾ? ಚಿಕ್ಕಪ್ಪನ ಟಿಎಂಟಿ ನಾರ್ಮಲ್ ಬಂದಿದ್ದೂ ಅದಕ್ಕೇ. ಆ ದಿನ ಹರಿವು ಚೆನ್ನಾಗಿತ್ತು, ಪರೀಕ್ಷೆ ಸುಳ್ಳು ಹೇಳಲಿಲ್ಲ.

ಹರಿವನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ 2020ರ ಇಸ್ಕೀಮಿಯಾ ಅಧ್ಯಯನ ಸಾಕ್ಷಿ. ಇಂಥ ಪರೀಕ್ಷೆಗಳಲ್ಲಿ ರಕ್ತದ ಕೊರತೆ ಸಾಕಷ್ಟು ಕಂಡಿದ್ದ 5179 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್, ಇನ್ನೊಂದಕ್ಕೆ ಮೊದಲು ಔಷಧಿ. ಮೂರು ವರ್ಷ ಚಿಲ್ಲರೆ ಕಾಲ ನೋಡಿದರೂ ಸಾವು, ಹೃದಯಾಘಾತಗಳಲ್ಲಿ ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಸ್ಟೆಂಟ್ ಕಡೆಯವರಿಗೆ ಚೆನ್ನಾಗಿ ಇಳಿಯಿತು. ಬಿಗಿಯಾದ ಜಾಗ ಅಗಲ ಮಾಡಿದ್ದಾಯ್ತು, ಒಡೆಯುವ ಜಾಗ ಬೇರೆ ಎಲ್ಲೋ ಇತ್ತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಹಾಗಾದರೆ ಹಣ್ಣಾದ ಕುರುವನ್ನೇ ನೇರವಾಗಿ ನೋಡುವುದು ಹೇಗೆ? ಮೊದಲ ಪ್ರಯತ್ನ ಸಕ್ಕರೆಯಿಂದ ಆಯಿತು. ಕ್ಯಾನ್ಸರ್ ರೋಗಿಗಳಿಗೆ ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಅಂಟಿಸಿದ ಗ್ಲೂಕೋಸ್ ಕೊಡುತ್ತಾರೆ. ಹಸಿದ ಕೋಶಗಳು ಅದನ್ನು ಎಳೆದುಕೊಂಡು ಹೊಳೆಯುತ್ತವೆ. ಉರಿಯೂತದ ಕೋಶಗಳಿಗೂ ಸಕ್ಕರೆಯ ಹಸಿವು ಜಾಸ್ತಿ. 2002ರಲ್ಲಿ ಕೇಂಬ್ರಿಡ್ಜ್‌ನ ಜೇಮ್ಸ್ ರಡ್ ಮತ್ತು ತಂಡ ಇದನ್ನು ಕುತ್ತಿಗೆಯ ರಕ್ತನಾಳದ ಪ್ಲಾಕ್‌ನಲ್ಲಿ ಮಾಡಿ ತೋರಿಸಿತು. ಹೃದಯಕ್ಕೆ ಬಂದಾಗ ಕೆಲಸ ಕೆಟ್ಟಿತು. ಹೃದಯದ ಸ್ನಾಯುವೇ ದೊಡ್ಡ ಸಕ್ಕರೆ ತಿನ್ನುವ ಅಂಗ. ಅದು ಬೆಳಗಿದರೆ ಪಕ್ಕದಲ್ಲಿ ಅಂಟಿಕೊಂಡ ಮೂರು ಮಿಲಿಮೀಟರ್ ನಾಳದ ಹೊಳಪು ಸೂರ್ಯನ ಮುಂದಿನ ಮಿಂಚುಹುಳದ ಹಾಗೆ. ಸ್ಕ್ಯಾನ್‌ಗೆ ಮೊದಲು ಅನ್ನ, ಮುದ್ದೆ, ಚಪಾತಿ ಎಲ್ಲ ಬಿಡಿಸಿ ಬರೀ ಕೊಬ್ಬಿನ ಊಟ ಮಾಡಿಸಿದರೆ ಸ್ನಾಯು ಸಕ್ಕರೆ ಬಿಟ್ಟು ಕೊಬ್ಬು ಸುಡುತ್ತದೆ ಅಂತ ಪ್ರಯತ್ನಿಸಿದರು. ಎಲ್ಲರಲ್ಲೂ ಅದು ಸರಿಯಾಗಿ ಆಗಲಿಲ್ಲ.

ಆಮೇಲೆ ಬಂದದ್ದು ಫ್ಲೋರೈಡ್. ಇದು ಹೊಸ ಔಷಧಿ ಅಲ್ಲ. ವಿಕಿರಣ ಸೂಸುವ ಫ್ಲೋರೈಡ್ ಕೊಟ್ಟು ಮೂಳೆಯ ಚಿತ್ರ ತೆಗೆಯುವುದು 1962ರಿಂದಲೇ ಗೊತ್ತಿತ್ತು. ಫ್ಲೋರೈಡ್ ಮೂಳೆಗೆ ಯಾಕೆ ಅಂಟುತ್ತದೆ ಅಂತ ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಚಿಕ್ಕಪ್ಪನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ಅವರ ವಾರಿಗೆಯವರಲ್ಲಿ ಹಲವರಿಗೆ ಬೆನ್ನು, ಮಂಡಿ ಬಿಗಿದು ಬಗ್ಗೋಕೆ ಆಗುವುದಿಲ್ಲ. ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ವರ್ಷಗಟ್ಟಲೆ ಒಳಗೆ ಹೋದರೆ ಹಲ್ಲು ಮೂಳೆಗಳ ಸುಣ್ಣದ ಹರಳಿನಲ್ಲಿ ಸೇರಿಕೊಂಡು ಹೀಗೆ ಮಾಡುತ್ತದೆ. ಆ ಹರಳಿನಲ್ಲಿ ಒಂದು ಕಣ ಜಾಗ ಬಿಡುತ್ತದೆ, ಅಲ್ಲಿ ಫ್ಲೋರೈಡ್ ಹೋಗಿ ಕೂರುತ್ತದೆ. ಸ್ಕ್ಯಾನ್‌ನಲ್ಲಿ ನಡೆಯುವ ರಸಾಯನವೂ ಇದೇ. ಪ್ರಮಾಣ ಮಾತ್ರ ಅಜಗಜಾಂತರ. ಅಲ್ಲಿ ಕೊಡುವ ಫ್ಲೋರೈಡ್ ಮನೆಯ ತಕ್ಕಡಿಯಲ್ಲಿ ತೂಗಲು ಸಿಗದಷ್ಟು ಕಡಿಮೆ, ಹಲ್ಲು ಮೂಳೆಗೆ ಅದರಿಂದ ಏನೂ ಆಗುವುದಿಲ್ಲ.

ಎಡಿನ್‌ಬರೋದ ಮಾರ್ಕ್ ಡ್ವೆಕ್, ಡೇವಿಡ್ ನ್ಯೂಬಿ ಮತ್ತು ಸಂಗಡಿಗರು ಹೃದಯದ ಕವಾಟ ಸುಣ್ಣಗಟ್ಟುವ ಕಾಯಿಲೆಗೆ ಈ ಫ್ಲೋರೈಡ್ ಬಳಸುತ್ತಿದ್ದರು. ಅದೇ ಚಿತ್ರಗಳಲ್ಲಿ ಪಕ್ಕದ ಕೊರೊನರಿ ನಾಳಗಳ, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳ, ಮೇಲೂ ಅಲ್ಲಲ್ಲಿ ಹೊಳಪು ಕಂಡಿತು. 2012ರಲ್ಲಿ 119 ಜನರ ಚಿತ್ರಗಳನ್ನು ಅವರು ಪ್ರಕಟಿಸಿದರು. ಅದರಲ್ಲಿ ನನಗೆ ಆಶ್ಚರ್ಯ ತಂದ ಸಂಗತಿ ಒಂದಿದೆ. ಕ್ಯಾಲ್ಸಿಯಂ ಸ್ಕೋರ್ 1000 ದಾಟಿದವರು, ಅಂದರೆ ಸಿಟಿ ಸ್ಕ್ಯಾನ್‌ನಲ್ಲಿ ನಾಳದ ತುಂಬ ಸುಣ್ಣ ಕಾಣುವವರು, ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನರಲ್ಲಿ ಫ್ಲೋರೈಡ್ ಹೇಳಿಕೊಳ್ಳುವಷ್ಟು ಹೊಳೆಯಲೇ ಇಲ್ಲ. ಸುಣ್ಣಕ್ಕೆ ಅಂಟುವ ಔಷಧಿ ಸುಣ್ಣದ ಗುಡ್ಡವನ್ನೇ ಬಿಟ್ಟುಬಿಟ್ಟಿತು!

ಇದಕ್ಕೆ ಕಾರಣ ಸುಣ್ಣದ ಗಾತ್ರ. ಸುಣ್ಣದ ಗಟ್ಟಿ ಒಂದನ್ನು ತಗೊಳ್ಳಿ, ಅಷ್ಟೇ ತೂಕದ ಸುಣ್ಣದ ಪುಡಿಯನ್ನೂ ತಗೊಳ್ಳಿ. ಎರಡರ ಮೇಲೂ ಬಣ್ಣ ಚಿಮುಕಿಸಿದರೆ ಗಟ್ಟಿಯ ಹೊರಮೈ ಮಾತ್ರ ಬಣ್ಣ ಹಿಡಿಯುತ್ತದೆ, ಪುಡಿ ಪೂರ್ತಿ ಹಿಡಿಯುತ್ತದೆ. ಫ್ಲೋರೈಡ್ ಕೂಡ ಹೊರಮೈಗೆ ಮಾತ್ರ ಅಂಟುತ್ತದೆ. ಹಾಗಾಗಿ ಅದು ಜಾಸ್ತಿ ಹೊಳೆಯುವುದು ಈಗಷ್ಟೇ ಹುಟ್ಟುತ್ತಿರುವ, ಸಿಟಿ ಸ್ಕ್ಯಾನ್‌ನ ಕಣ್ಣಿಗೂ ಬೀಳದ ಸಣ್ಣ ಸುಣ್ಣದ ಕಣಗಳಲ್ಲಿ. ಅಂಥ ಕಣಗಳು ಹುಟ್ಟುವುದು ಉರಿಯೂತ ಇರುವಲ್ಲಿ, ಕೋಶಗಳು ಸಾಯುತ್ತಿರುವಲ್ಲಿ. ಆ ಕಣ ತೆಳು ಮುಚ್ಚಳದಲ್ಲೇ ಸಿಕ್ಕಿಕೊಂಡರೆ ಅದರ ಸುತ್ತ ಎಳೆತ ಸುಮಾರು ಎರಡು ಪಟ್ಟು ಹೆಚ್ಚಾಗಬಹುದು ಅಂತ 2006ರಲ್ಲೇ ನ್ಯೂಯಾರ್ಕ್‌ನ ಎಂಜಿನಿಯರ್‌ಗಳು ಲೆಕ್ಕ ಹಾಕಿದ್ದರು. ದೊಡ್ಡ ಗಟ್ಟಿ ಸುಣ್ಣ ಬಹುಪಾಲು ಹಳೇ ಗಾಯ ಮಾಗಿದ ಗುರುತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಗೊಂಡವರ ಕ್ಯಾಲ್ಸಿಯಂ ಸ್ಕೋರ್ ಕೆಲವೊಮ್ಮೆ ಏರುವುದೂ ಇದಕ್ಕೇ. ಆ ಏರಿಕೆ ನೋಡಿ ಗಾಬರಿಯಾಗಿ ಮಾತ್ರೆ ಬಿಟ್ಟವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ.

ಸ್ಕ್ಯಾನ್ ನಡೆಯುವ ರೀತಿ ಹೀಗಿದೆ. ಫ್ಲೋರಿನ್-18 ಅನ್ನು ಸೈಕ್ಲೋಟ್ರಾನ್ ಯಂತ್ರದಲ್ಲಿ ತಯಾರಿಸುತ್ತಾರೆ. 110 ನಿಮಿಷಕ್ಕೆ ಅದರ ಬಲ ಅರ್ಧ ಆಗಿಬಿಡುತ್ತದೆ. ಬೆಳಿಗ್ಗೆ ತಯಾರಾದದ್ದು ಮರುದಿನದ ಹೊತ್ತಿಗೆ ನಿರುಪಯೋಗಿ. ಸೀಸದ ಹೊದಿಕೆಯ ಸಿರಿಂಜ್‌ನಿಂದ ಕೈಯ ನರಕ್ಕೆ ಚುಚ್ಚುತ್ತಾರೆ. ಒಂದು ಗಂಟೆ ಸುಮ್ನೆ ಕೂತಿರಬೇಕು. ಆಮೇಲೆ ಎರಡೂ ಕೈ ತಲೆಯ ಮೇಲಿಟ್ಟು ಅರ್ಧ ಗಂಟೆ ಅಲುಗಾಡದೆ ಯಂತ್ರದೊಳಗೆ ಮಲಗಬೇಕು. ಒಳಗೆ ಫ್ಲೋರಿನ್ ಪಾಸಿಟ್ರಾನ್ ಎಂಬ ಕಣವನ್ನು ಉಗುಳುತ್ತದೆ. ಅದು ಪಕ್ಕದ ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆದು ಎರಡೂ ಮಾಯವಾಗುತ್ತವೆ. ಮಾಯವಾಗುವಾಗ ಎರಡು ಕಿರಣಗಳು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ಸುತ್ತಲಿನ ಬಳೆಯಂಥ ಪತ್ತೆಯಂತ್ರ ಎರಡನ್ನೂ ಒಂದೇ ಕ್ಷಣಕ್ಕೆ ಹಿಡಿದು, ಆ ಗೆರೆಯ ಮೇಲೆ ಎಲ್ಲೋ ಹುಟ್ಟಿದೆ ಅಂತ ಲೆಕ್ಕ ಹಾಕುತ್ತದೆ. ಕೋಟಿಗಟ್ಟಲೆ ಗೆರೆ ಸೇರಿದಾಗ ಚಿತ್ರ. ಅದನ್ನು ಸಿಟಿ ಆಂಜಿಯೋ ಚಿತ್ರದ ಮೇಲೆ ಹೊಂದಿಸಿ ಇಡುತ್ತಾರೆ. ಬೂದು ಬಣ್ಣದ ಹೃದಯ, ಅದರ ಮೇಲೆ ಬಿಳಿ ದಾರದಂಥ ನಾಳ, ಆ ದಾರದ ಒಂದೇ ಒಂದು ಕಡೆ ಕೆಂಡದ ಹಾಗೆ ಕಿತ್ತಳೆ ಚುಕ್ಕಿ. ಮೊದಲ ಸಲ ಅಂಥ ಚಿತ್ರ ನೋಡಿದಾಗ ನನಗೆ ಚಿಕ್ಕಪ್ಪನ ಡಾಕ್ಟರ್ ಹೇಳಿದ ಮಾತೇ ಕಿವಿಯಲ್ಲಿ ಕೇಳಿಸಿತು.

ಆ ಚುಕ್ಕಿಗೆ ಅರ್ಥ ಇದೆಯಾ? 2014ರಲ್ಲಿ ಎಡಿನ್‌ಬರೋ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉತ್ತರದ ಮೊದಲ ಭಾಗ ಕೊಟ್ಟಿತು. ನಿಖಿಲ್ ಜೋಶಿ ಮೊದಲ ಲೇಖಕರು. ಆಗಷ್ಟೇ ಹೃದಯಾಘಾತ ಆದ 40 ಜನ, ಬರೀ ಎದೆನೋವಿನ 40 ಜನ. ಹೃದಯಾಘಾತದವರಲ್ಲಿ 37 ಜನರಿಗೆ, ಅಂದರೆ 93% ಜನರಿಗೆ, ಅತಿ ಹೆಚ್ಚು ಹೊಳಪು ಕಂಡದ್ದು ಒಡೆದಿದ್ದ ಅದೇ ಪ್ಲಾಕ್‌ನಲ್ಲಿ. ಸಕ್ಕರೆ ಸ್ಕ್ಯಾನ್‌ಗೆ ಅದು ಸಾಧ್ಯವಾಗಲಿಲ್ಲ. ಎದೆನೋವಿನ 40 ಜನರಲ್ಲಿ 18 ಜನರ ನಾಳಗಳಲ್ಲೂ ಚುಕ್ಕಿಗಳಿದ್ದವು. ಒಳಗಿನಿಂದ ಅಲ್ಟ್ರಾಸೌಂಡ್ ಮಾಡಿದರೆ ಆ ಜಾಗಗಳಲ್ಲಿ ಅಪಾಯದ ಲಕ್ಷಣಗಳು ಹೆಚ್ಚಿದ್ದವು.

ಆದರೆ ಒಡೆದ ಮೇಲೆ ಹೊಳೆಯುವುದು ಬೇರೆ, ಒಡೆಯುವ ಮೊದಲೇ ಹೊಳೆಯುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು. 2020ರಲ್ಲಿ ಜಾಸೆಕ್ ಕ್ವೆಸಿನ್‌ಸ್ಕಿ ಮತ್ತು ಸಂಗಡಿಗರು, ಮೊದಲೇ ಸ್ಕ್ಯಾನ್ ಆಗಿದ್ದ 293 ಜನರಿಗೆ ಆಮೇಲೆ ಏನಾಯಿತು ಅಂತ ನೋಡಿದರು. 20 ಜನರಿಗೆ ಹೃದಯಾಘಾತವಾಗಿತ್ತು. ಆ 20 ಜನರೂ ನಾಳದಲ್ಲಿ ಹೊಳಪು ಇದ್ದ 203 ಜನರ ಪೈಕಿಯವರು. ಹೊಳಪೇ ಇಲ್ಲದ 90 ಜನರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಈ ಸಂಖ್ಯೆ ಓದಿ ನಾನು ಎದ್ದು ಕೂತೆ. ಇದು ನಿಜವಾದರೆ ಹೃದಯದ ಚಿಕಿತ್ಸೆಯ ದಾರಿಯೇ ಬದಲಾಗಬೇಕು. ಆದರೆ ಬೇರೆ ಬೇರೆ ಅಧ್ಯಯನಗಳಿಂದ ಒಟ್ಟುಗೂಡಿಸಿದ, 20 ಘಟನೆಗಳ ಮೇಲೆ ನಿಂತ ಲೆಕ್ಕ ಅದು.

ಗಟ್ಟಿ ಪರೀಕ್ಷೆ ಪ್ರೆಫರ್ ಎಂಬ ಅಧ್ಯಯನ. ಇತ್ತೀಚೆಗೆ ಹೃದಯಾಘಾತ ಆಗಿ, ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಕಾಯಿಲೆ ಇದ್ದ 704 ಜನರಿಗೆ ಫ್ಲೋರೈಡ್ ಸ್ಕ್ಯಾನ್ ಮಾಡಿ, ಅದರ ಫಲಿತಾಂಶ ನೋಡಿ ಚಿಕಿತ್ಸೆ ಬದಲಿಸದೆ, ಸುಮಾರು ನಾಲ್ಕು ವರ್ಷ ಕಾದರು. 2023ರಲ್ಲಿ ಫಲಿತಾಂಶ ಹೊರಬಂತು. 421 ಜನರ ನಾಳಗಳಲ್ಲಿ ಹೊಳಪಿತ್ತು, 283 ಜನರಲ್ಲಿ ಇರಲಿಲ್ಲ. ಮೊದಲೇ ನಿಗದಿ ಮಾಡಿಕೊಂಡ ಮುಖ್ಯ ಪ್ರಶ್ನೆ ಇದು: ಹೃದಯದ ಸಾವು, ಹೃದಯಾಘಾತ, ಯೋಜನೆ ಇಲ್ಲದೆ ಹಾಕಬೇಕಾಗಿ ಬಂದ ಸ್ಟೆಂಟ್ ಅಥವಾ ಬೈಪಾಸ್, ಈ ಮೂರೂ ಸೇರಿದ ಲೆಕ್ಕ ಹೊಳಪು ಇದ್ದವರಲ್ಲಿ ಜಾಸ್ತಿಯೇ? ಉತ್ತರ, ಖಚಿತವಾಗಿ ಹೌದು ಅನ್ನುವಷ್ಟು ವ್ಯತ್ಯಾಸ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಲೆಕ್ಕದಲ್ಲಿ ಒಟ್ಟು 141 ಜನ ಇದ್ದರು. ಒಬ್ಬೊಬ್ಬರಿಗೆ ಮೊದಲು ಆದ ತೊಂದರೆಯನ್ನಷ್ಟೇ ಎಣಿಸಿದರೆ, ಅವರಲ್ಲಿ 83 ಜನ ಸ್ಟೆಂಟ್ ಅಥವಾ ಬೈಪಾಸ್ ಕಾರಣಕ್ಕೆ ಬಂದವರು, 49 ಜನ ಹೃದಯಾಘಾತದಿಂದ, 9 ಜನ ಹೃದಯದ ಸಾವಿನಿಂದ. ಸ್ಟೆಂಟ್ ಹಾಕುವ ತೀರ್ಮಾನ ಬಹುಪಾಲು ನಾಳ ಎಷ್ಟು ಕಿರಿದಾಗಿದೆ, ಎದೆನೋವು ಎಷ್ಟಿದೆ ಅನ್ನುವುದರ ಮೇಲೆ ಆಗುತ್ತದೆ, ಅಂದರೆ ಮತ್ತೆ ಅದೇ ಪರ್ಸೆಂಟ್ ಲೆಕ್ಕ. ಪ್ಲಾಕ್ ಹಣ್ಣಾಗಿದೆಯೇ ಅನ್ನುವುದಕ್ಕೂ ಅದಕ್ಕೂ ನಂಟು ಕಡಿಮೆ. ಹೃದಯದ ಸಾವು ಮತ್ತು ಹೃದಯಾಘಾತ ಮಾತ್ರ ತೆಗೆದು ನೋಡಿದರೆ ಚಿತ್ರ ಬೇರೆ. ಹೊಳಪಿದ್ದ 421ರಲ್ಲಿ 47 ಜನ, ಇಲ್ಲದ 283ರಲ್ಲಿ 19 ಜನ. ಅಪಾಯ ಸುಮಾರು 1.8 ಪಟ್ಟು. ಯಾವುದೇ ಕಾರಣದ ಸಾವು 30 ಮತ್ತು 9, ಸುಮಾರು 2.4 ಪಟ್ಟು.

ಇದನ್ನು ಗೆಲುವು ಅಂತ ಓದಬೇಕೋ ಸೋಲು ಅಂತಲೋ? ನಾನು ಎರಡೂ ಕಡೆ ಮನಸ್ಸು ಕೊಟ್ಟು ನೋಡಿದ್ದೇನೆ. ಮುಖ್ಯ ಪ್ರಶ್ನೆಯಲ್ಲಿ ಸೋತ ಮೇಲೆ ಎರಡನೇ ಪ್ರಶ್ನೆಯ ಗೆಲುವನ್ನು ಎತ್ತಿ ಹಿಡಿಯುವುದು ಸಂಶೋಧನೆಯಲ್ಲಿ ಅಪಾಯದ ದಾರಿ. ಸ್ಟೆಂಟ್ ಲೆಕ್ಕ ಸೇರಿಸಿದ್ದೇ ತಪ್ಪು ಅನ್ನುವ ವಾದ ಸರಿಯಾಗಿ ಕಂಡರೂ ಅದು ಫಲಿತಾಂಶ ಬಂದ ಮೇಲಿನ ವಾದ. ಇನ್ನೊಂದು ಕಡೆ, ಜೀವಶಾಸ್ತ್ರ ಏನು ಹೇಳುತ್ತದೋ ಅದೇ ದಿಕ್ಕಿಗೆ ಸಂಖ್ಯೆಯೂ ಬಾಗಿದೆ. ಹಾಗಾಗಿ ಫ್ಲೋರೈಡ್ ನೋಡುತ್ತಿರುವುದು ನಿಜವಾದ ಸಂಗತಿಯನ್ನೇ ಅಂತ ನನಗೆ ನಂಬಿಕೆ ಇದೆ.

ಆದರೆ ಮನೆಯವರಾಗಿ ಇದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ಓದಿ. ಹೊಳಪಿದ್ದ 421 ಜನರಲ್ಲಿ 374 ಜನರಿಗೆ ನಾಲ್ಕು ವರ್ಷದಲ್ಲಿ ಹೃದಯಾಘಾತವೂ ಆಗಲಿಲ್ಲ, ಹೃದಯದ ಸಾವೂ ಬರಲಿಲ್ಲ. ಹೊಳಪಿಲ್ಲದ 19 ಜನರಿಗೆ ಆಯಿತು. ನಿಮ್ಮಪ್ಪನ ಸ್ಕ್ಯಾನ್‌ನಲ್ಲಿ ಚುಕ್ಕಿ ಕಂಡರೆ ಡಾಕ್ಟರ್ ಏನು ಹೇಳಬೇಕು? ಕಾಣದಿದ್ದರೆ "ಆರಾಮಾಗಿರಿ" ಅನ್ನಬಹುದೇ? ಎರಡನ್ನೂ ಹೇಳುವ ಧೈರ್ಯ ಈ ಸಂಖ್ಯೆಗಳು ಕೊಡುವುದಿಲ್ಲ. ಪ್ಲಾಕ್ ಹಣ್ಣಾಗುವುದು, ಒಡೆಯುವುದು, ಮತ್ತೆ ತಾನೇ ಮಾಗುವುದು ನಡೆಯುತ್ತಲೇ ಇರುತ್ತದೆ. ಒಡೆದ ಎಲ್ಲ ಪ್ಲಾಕ್ ಹೃದಯಾಘಾತ ತರುವುದಿಲ್ಲ. ಸ್ಕ್ಯಾನ್ ಒಂದು ದಿನದ ಚಿತ್ರ.

ಚುಕ್ಕಿ ಕಂಡರೆ ಅಲ್ಲಿಗೇ ಸ್ಟೆಂಟ್ ಹಾಕಿಬಿಡೋಣ ಅನ್ನುವ ಆಸೆ ಯಾರಿಗಾದರೂ ಬರುತ್ತದೆ. ಇದಕ್ಕೆ ಹತ್ತಿರದ ಒಂದು ಪ್ರಯೋಗ 2024ರಲ್ಲಿ ಬಂದ ಪ್ರಿವೆಂಟ್. ಮುಖ್ಯವಾಗಿ ದಕ್ಷಿಣ ಕೊರಿಯಾದಲ್ಲಿ ನಡೆದದ್ದು. ರಕ್ತದ ಹರಿವಿಗೆ ತಡೆ ಮಾಡದ, ಆದರೆ ದುರ್ಬಲವಾಗಿ ಕಾಣುವ ಪ್ಲಾಕ್ ಇದ್ದ 1606 ಜನರಲ್ಲಿ ಅರ್ಧದಷ್ಟು ಜನರಿಗೆ ಔಷಧಿಯ ಜೊತೆ ಸ್ಟೆಂಟ್ ಹಾಕಿದರು. ಎರಡು ವರ್ಷದಲ್ಲಿ ತೊಂದರೆ ಆದದ್ದು ಅವರಲ್ಲಿ 0.4%, ಔಷಧಿ ಮಾತ್ರ ಪಡೆದವರಲ್ಲಿ 3.4%. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ದುರ್ಬಲ ಪ್ಲಾಕ್ ಆರಿಸಿದ್ದು ನಾಳದೊಳಗೆ ತಂತಿ ತೂರಿಸಿ ತೆಗೆದ ಚಿತ್ರಗಳಿಂದ, ಫ್ಲೋರೈಡ್‌ನಿಂದ ಅಲ್ಲ. ಮತ್ತೊಂದು ಮುಖ, ಬರೀ ಔಷಧಿ ಪಡೆದ ನೂರರಲ್ಲಿ 96 ಜನಕ್ಕೂ ಹೆಚ್ಚು ಮಂದಿ ಸ್ಟೆಂಟ್ ಇಲ್ಲದೆ ಚೆನ್ನಾಗೇ ಇದ್ದರು. ಫ್ಲೋರೈಡ್ ಹೊಳಪು ಇದ್ದವರಿಗೆ ಟಿಕಾಗ್ರೆಲಾರ್ ಎಂಬ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ಎಡಿನ್‌ಬರೋದಲ್ಲೇ ನೋಡಿದರು. ಹೃದಯದ ಸ್ನಾಯುವಿಗೆ ಆಗುವ ಸಣ್ಣ ಪೆಟ್ಟನ್ನು ಅಳೆಯುವ ಟ್ರೋಪೋನಿನ್ ಅದರಿಂದ ಇಳಿಯಲಿಲ್ಲ. ಅಂದರೆ ಚುಕ್ಕಿ ಕಂಡವರಿಗೇ ಅಂತ ಬೇರೆ ಮದ್ದು ಇನ್ನೂ ನಮ್ಮ ಕೈಯಲ್ಲಿಲ್ಲ.

ಯಂತ್ರದ ಮಿತಿಯೂ ಇದೆ. ಕೊರೊನರಿ ನಾಳದ ಅಗಲ ಎರಡರಿಂದ ನಾಲ್ಕು ಮಿಲಿಮೀಟರ್. ಪೆಟ್ ಯಂತ್ರ ಬಿಡಿಸಿ ನೋಡಬಲ್ಲದ್ದು ನಾಲ್ಕೈದು ಮಿಲಿಮೀಟರ್. ಮೇಲಾಗಿ ನಿಮಿಷಕ್ಕೆ ಎಪ್ಪತ್ತು ಸಲ ಹೃದಯ ಬಡಿಯುತ್ತದೆ, ಉಸಿರಿನೊಂದಿಗೆ ಮೇಲೆ ಕೆಳಗೆ ಆಡುತ್ತದೆ. ಇಸಿಜಿ ತಾಳಕ್ಕೆ ಚಿತ್ರ ಕತ್ತರಿಸಿ, ಕಂಪ್ಯೂಟರ್‌ನಲ್ಲಿ ಅಲುಗಾಟ ಸರಿ ಮಾಡಿ, ಆಮೇಲೆ ಅನುಭವ ಇದ್ದವರು ಕೂತು ಓದಬೇಕು. ವಿಕಿರಣದ ವಿಚಾರಕ್ಕೆ ಬಂದರೆ ಫ್ಲೋರೈಡ್‌ನಿಂದ ಕೆಲವು ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಜೊತೆಗೆ ಸಿಟಿ ಸ್ಕ್ಯಾನ್‌ನದ್ದು ಬೇರೆ. ಭೂಮಿ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಕಾಯಿಲೆ ಇರುವವರಿಗೆ ಇದು ದೊಡ್ಡ ಭಯ ಅಲ್ಲ. ಏನೂ ಇಲ್ಲದವರಿಗೆ ಸುಮ್ನೆ ಕೊಡುವಂಥದ್ದೂ ಅಲ್ಲ.

ಈ ಸ್ಕ್ಯಾನ್‌ಗೆ ಇನ್ನೊಂದು ಪೈಪೋಟಿ ಇದೆ, ಸಾಮಾನ್ಯ ಸಿಟಿ ಆಂಜಿಯೋ. ಸ್ಕಾಟ್ಲೆಂಡ್‌ನಲ್ಲಿ ನಡೆದ ಸ್ಕಾಟ್-ಹಾರ್ಟ್ ಅಧ್ಯಯನದಲ್ಲಿ ಎದೆನೋವಿನ 4146 ಜನರಲ್ಲಿ ಅರ್ಧ ಜನಕ್ಕೆ ಮಾಮೂಲಿ ಪರೀಕ್ಷೆಗಳ ಜೊತೆ ಸಿಟಿ ಆಂಜಿಯೋ ಮಾಡಿದರು. ಐದು ವರ್ಷದಲ್ಲಿ ಹೃದಯಾಘಾತ ಅಥವಾ ಹೃದಯದ ಸಾವು ಅವರಲ್ಲಿ 2.3%, ಉಳಿದವರಲ್ಲಿ 3.9%. ಪ್ಲಾಕ್ ಕಣ್ಣಿಗೆ ಕಂಡ ಮೇಲೆ ಡಾಕ್ಟರ್‌ಗಳು ಸ್ಟ್ಯಾಟಿನ್ ಬರೆದರು, ಜನ ನುಂಗಿದರು. ಲಾಭದ ಬಹುಪಾಲು ಅಲ್ಲಿಂದ ಬಂದಿರಬೇಕು. ಅದೇ ಅಧ್ಯಯನದ ಚಿತ್ರಗಳಲ್ಲಿ ಮೆತ್ತನೆಯ, ಕೊಬ್ಬು ತುಂಬಿದ ಪ್ಲಾಕ್ ಒಂದು ಮಿತಿ ದಾಟಿದವರಿಗೆ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು ಅಂತ ಆಮೇಲೆ ತಿಳಿದುಬಂತು. ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಹಲವು ಕಡೆ ಸಿಗುವ ಸಿಟಿ ಯಂತ್ರ ಇಷ್ಟು ಹೇಳುತ್ತದೆ ಅಂದಮೇಲೆ ಫ್ಲೋರೈಡ್ ಪೆಟ್ ಅದಕ್ಕಿಂತ ಎಷ್ಟು ಜಾಸ್ತಿ ಹೇಳುತ್ತದೆ ಅಂತ ತೋರಿಸಬೇಕು. ಸ್ಕ್ಯಾನ್‌ಗೆ ಕೊಡುವ ಹೊಸ ಬಗೆಯ ಔಷಧಿಗಳೂ ಬರುತ್ತಿವೆ. ಕೇಂಬ್ರಿಡ್ಜ್‌ನ ಜೇಸನ್ ಟಾರ್ಕಿನ್ ತಂಡ 2017ರಲ್ಲಿ ಗ್ಯಾಲಿಯಂ-68 ಡೋಟಾಟೇಟ್ ಬಳಸಿ ಉರಿಯೂತದ ಕೋಶಗಳನ್ನೇ ಹೃದಯದ ನಾಳದಲ್ಲಿ ತೋರಿಸಿತು. ಕೆಲವು ಬಗೆಯ ಗಡ್ಡೆಗಳಿಗೆ ಈಗಾಗಲೇ ಬಳಸುವ ಔಷಧಿ ಅದು. ಹೃದಯದ ಸ್ನಾಯು ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಸಕ್ಕರೆಯ ತೊಡಕು ಇಲ್ಲಿಲ್ಲ.

ಇದೆಲ್ಲ ನಮಗೆ ಯಾಕೆ ಈಗ ಮುಖ್ಯ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸಾಲು ಸಾಲು ಸುದ್ದಿ ಬಂದಾಗ, ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದನ್ನು ನೋಡಿದ್ದೇವೆ. ಆ ಭಯ ನಿಜವಾದದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ ಬರುತ್ತದೆ, ಬೇರೆ ದೇಶದವರಿಗಿಂತ ಐದಾರು ವರ್ಷ ಮೊದಲೇ ಅಂತ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಚಿಕ್ಕಪ್ಪನಿಗೆ 53 ತುಂಬಲು ಆಗ ಕೆಲವೇ ತಿಂಗಳು ಬಾಕಿ ಇತ್ತು. ಇಂಥ ಭಯ ಇರುವ ಕಡೆ "ಅತ್ಯಾಧುನಿಕ ಪ್ಲಾಕ್ ಸ್ಕ್ಯಾನ್" ಅಂತ ಪ್ಯಾಕೇಜ್ ಮಾಡಿ ಮಾರುವವರು ಬಂದೇ ಬರುತ್ತಾರೆ ಅನ್ನುವುದು ನನ್ನ ಆತಂಕ. ಆರೋಗ್ಯವಾಗಿರುವ 40 ವರ್ಷದವರಿಗೆ ಫ್ಲೋರೈಡ್ ಪೆಟ್ ಮಾಡಿ ಒಳ್ಳೆಯದಾಯಿತು ಅಂತ ತೋರಿಸಿದ ದೊಡ್ಡ ಪ್ರಯೋಗ ಇಲ್ಲ. ಯಾರಾದರೂ ಮಾರಲು ಬಂದರೆ "ಚುಕ್ಕಿ ಕಂಡರೆ ನನ್ನ ಚಿಕಿತ್ಸೆ ಏನು ಬದಲಾಗುತ್ತೆ?" ಅಂತ ಕೇಳಿ. ಇವತ್ತು ಆ ಪ್ರಶ್ನೆಗೆ ಗಟ್ಟಿ ಉತ್ತರ ಇಲ್ಲ.

ಈ ಸ್ಕ್ಯಾನ್‌ನ ನಿಜವಾದ ಜಾಗ ಸದ್ಯಕ್ಕೆ ಸಂಶೋಧನೆ. ಹೊಸ ಔಷಧಿ ಪ್ಲಾಕ್ ಅನ್ನು ತಣ್ಣಗೆ ಮಾಡುತ್ತದೆಯಾ ಅಂತ ತಿಳಿಯಲು ಈಗ ಸಾವಿರಾರು ಜನರನ್ನು ವರ್ಷಗಟ್ಟಲೆ ಕಾಯಬೇಕು. ಚುಕ್ಕಿಯ ಹೊಳಪು ಇಳಿಯಿತೇ ಅಂತ ನೋಡಿದರೆ ಕೆಲವೇ ಜನರಲ್ಲಿ ಬೇಗ ಸುಳಿವು ಸಿಗಬಹುದು. ಕೊಲೆಸ್ಟ್ರಾಲ್ ಇಳಿಸುವ ದುಬಾರಿ ಚುಚ್ಚುಮದ್ದು ಯಾರಿಗೆ ನಿಜವಾಗಿ ಬೇಕು ಅಂತ ಆರಿಸಲೂ ಮುಂದೊಂದು ದಿನ ಇದು ನೆರವಾಗಬಹುದು. ಅಂಥ ಪ್ರಯೋಗಗಳು ನಮ್ಮಲ್ಲೂ ನಡೆಯಬೇಕು. ಪೆಟ್ ಯಂತ್ರ ಇದೆ, ಸೈಕ್ಲೋಟ್ರಾನ್ ಇದೆ, ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಂತೂ ದಿನಾ ಬರುತ್ತಾರೆ. ಎಡಿನ್‌ಬರೋದವರ ನಾಳದ ಲೆಕ್ಕ ಪಾವಗಡದವರಿಗೆ ಹಾಗೇ ಹೊಂದುತ್ತದೆ ಅಂತ ಸುಮ್ನೆ ಒಪ್ಪಿಕೊಳ್ಳಬಾರದು.

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನಿಗೆ ಫೋನಿನಲ್ಲಿ ಆ ಕಿತ್ತಳೆ ಚುಕ್ಕಿಯ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ನೀರಲ್ಲಿರೋ ಫ್ಲೋರೈಡೇ ಏನಪ್ಪಾ ಇದು?" ಅಂದರು. ಅದೇ ಅಂದೆ. "ನಾನೂ ಮಾಡಿಸ್ಲಾ ಹಂಗಾರೆ?" ಬೇಡ ಚಿಕ್ಕಪ್ಪ, ನಿಮ್ಮ ಮಾತ್ರೆ ಡಬ್ಬಿ ತೋರಿಸಿ ಅಂದೆ. ಎದ್ದು ಹೋಗಿ ತಂದರು. ರಾತ್ರಿಯ ಸ್ಟ್ಯಾಟಿನ್ ಖಾನೆಗಳು ಭಾನುವಾರದಿಂದ ಬುಧವಾರದವರೆಗೆ ಖಾಲಿ ಇದ್ದವು, ಗುರುವಾರದ್ದರಲ್ಲಿ ಮಾತ್ರೆ ಇತ್ತು. ಅವತ್ತು ಗುರುವಾರ. ಕೆಟ್ಟ ಕೊಲೆಸ್ಟ್ರಾಲ್ 55ರ ಕೆಳಗೆ ಇರಲಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದ ಚೀಟಿಯೂ ಅದೇ ಡಬ್ಬಿಯಲ್ಲಿತ್ತು. ಅದರ ಹಿಂದೆ ಪೆನ್ಸಿಲ್‌ನಲ್ಲಿ ಚಿಕ್ಕಮ್ಮ ಕಳೆದ ತಿಂಗಳ ರಿಪೋರ್ಟ್ ನೋಡಿ ಬರೆದಿಟ್ಟಿದ್ದರು: 52.